ಸ್ಟೇಜ್ ಹತ್ತೋದಿಲ್ಲ, ಮತ್ತೆ ಟ್ಯಾಂಗೋ ಯಾಕೆ?

ಪ್ರಶ್ನೆ: ನನಗೆ 43 ವರ್ಷ. ಊರು ಶಿವಮೊಗ್ಗ, ಒಂಬತ್ತು ವರ್ಷದಿಂದ ಬರ್ಲಿನ್‌ನಲ್ಲಿದ್ದೇವೆ. ಆರು ತಿಂಗಳಿಂದ ವಾರಕ್ಕೊಮ್ಮೆ ಅರ್ಜೆಂಟೀನಾದ ಟ್ಯಾಂಗೋ ಕಲಿಯುತ್ತಿದ್ದೇನೆ. ಮೊದಲು ಸಾಲ್ಸಾ ಕಲಿತಿದ್ದೆ. ಮೂರೇ ತಿಂಗಳಲ್ಲಿ ಪಾರ್ಟಿಯಲ್ಲಿ ಕುಣಿಯುವಷ್ಟು ಬಂತು. ಟ್ಯಾಂಗೋ ಮಾತ್ರ ಬರ್ತಾನೇ ಇಲ್ಲ. ಕ್ಲಾಸಿನಲ್ಲಿ ಕಲಿತದ್ದು ಮಿಲೊಂಗಕ್ಕೆ, ಅಂದರೆ ಟ್ಯಾಂಗೋ ಕುಣಿಯುವ ಕೂಟಕ್ಕೆ, ಹೋದರೆ ಕೈಕೊಡುತ್ತದೆ. ಅಲ್ಲಿ ಹೆಚ್ಚು ಹೊತ್ತು ಫೋನ್ ನೋಡುತ್ತಾ ಕೂತೇ ಇರುತ್ತೇನೆ. ಗುರುತಿಲ್ಲದವರನ್ನು ಅಷ್ಟು ಹತ್ತಿರ ಅಪ್ಪಿಕೊಂಡು ಕುಣಿಯಲು ಇನ್ನೂ ಮುಜುಗರ. "ಸ್ಟೇಜ್ ಹತ್ತೋದಿಲ್ಲ, ಸ್ಪರ್ಧೆಗೂ ಹೋಗೋದಿಲ್ಲ, ಮತ್ತೆ ಯಾಕಿಷ್ಟು ಒದ್ದಾಟ?" ಅಂತ ನನ್ನ ಯಜಮಾನರು ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಬಿಡಲೂ ಮನಸ್ಸಿಲ್ಲ. ಏನಿದೆ ಇದರಲ್ಲಿ? ಮುಂದುವರಿಸಲಾ? ಇನ್ನೊಂದು ಚಿಕ್ಕ ಪ್ರಶ್ನೆ: ಸೀರೆಯಲ್ಲಿ ಟ್ಯಾಂಗೋ ಕುಣಿಯಬಹುದಾ?

ಉತ್ತರ: ನಿಮ್ಮ ಯಜಮಾನರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಟ್ಯಾಂಗೋ ಅಂದಕೂಡಲೇ ಅವರ ಕಣ್ಣಿಗೆ ಬರುವುದು ಯೂಟ್ಯೂಬಿನ ಟ್ಯಾಂಗೋ ಇರಬೇಕು. ಸೀಳಿದ ಲಂಗ, ಗಾಳಿಯಲ್ಲಿ ಹಾರುವ ಕಾಲು, ಬಾಯಲ್ಲಿ ಗುಲಾಬಿ. ಹದಿನಾರು ವರ್ಷದಲ್ಲಿ ನಾನು ಯಾವ ಮಿಲೊಂಗದಲ್ಲೂ ಆ ಗುಲಾಬಿಯನ್ನು ಕಂಡಿಲ್ಲ. ಹಾರುವ ಕಾಲು ವೇದಿಕೆಯದು. ವೇದಿಕೆಯ ಟ್ಯಾಂಗೋಗೂ ಕೂಟದ ಟ್ಯಾಂಗೋಗೂ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನವರೇ ಬೇರೆ ಬೇರೆ ಹೆಸರಿಟ್ಟಿದ್ದಾರೆ. 2003ರಿಂದ ಆ ಊರಿನಲ್ಲಿ ಟ್ಯಾಂಗೋ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ. ಅದರಲ್ಲಿ ಒಂದು ವಿಭಾಗ 'ಎಸೆನಾರಿಯೊ', ಅಂದರೆ ವೇದಿಕೆ. ಇನ್ನೊಂದು 'ಪಿಸ್ತಾ', ಅಂದರೆ ಕುಣಿಯುವ ನೆಲ. ಪಿಸ್ತಾದಲ್ಲಿ ಹಲವು ಜೋಡಿಗಳು ಒಟ್ಟಿಗೇ ಇಳಿಯುತ್ತವೆ. ಹಾಡು ಮುಗಿಯುವವರೆಗೆ ಅಪ್ಪುಗೆ ಬಿಡುವಂತಿಲ್ಲ, ಹಾರುವಂತಿಲ್ಲ, ನೆಲದ ಸುತ್ತ ಎಲ್ಲರೂ ಸಾಗುವ ಸಾಲು ತಪ್ಪಿಸುವಂತಿಲ್ಲ. ಅಂದರೆ ವಾರದ ಕೊನೆಗೆ ಊರಿನ ಜನ ಕುಣಿಯುವುದು ಹೇಗೋ ಹಾಗೆಯೇ. ನೀವು ಕಲಿಯುತ್ತಿರುವುದು ಇದನ್ನು.

ಸ್ಟೇಜ್ ಹತ್ತದವರಿಗೆ ಇದು ಯಾಕೆ ಅನ್ನುವುದು, ಪೇಪರಿಗೆ ಅಂಕಣ ಬರೆಯದವರು ಜಗಲಿಯಲ್ಲಿ ಕೂತು ಹರಟೆ ಹೊಡೆಯೋದು ಯಾಕೆ ಅಂದ ಹಾಗಾಯಿತು. ಈ ಟ್ಯಾಂಗೋ ಹುಟ್ಟಿದ್ದೇ ಹರಟೆಯ ಥರ. ನೋಡುವವರಿಗೆ ಅದರಲ್ಲಿ ಹೆಚ್ಚೇನೂ ಕಾಣುವುದಿಲ್ಲ. ನನ್ನ ಅಮ್ಮ ಒಮ್ಮೆ ಮಿಲೊಂಗದ ವಿಡಿಯೊ ನೋಡಿ, "ಎಲ್ಲರೂ ಕಣ್ಣು ಮುಚ್ಚಿಕೊಂಡು ಸುಮ್ನೆ ನಡೀತಾ ಇದಾರಲ್ಲೇ" ಅಂದರು. ಅಮ್ಮ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ.

ಈಗ 'ಬರ್ತಾನೇ ಇಲ್ಲ' ಅನ್ನುವ ದೂರು. ಸಾಲ್ಸಾದಲ್ಲಿ ಒಂದು ಮೂಲ ಹೆಜ್ಜೆ ಇದೆ. ಒಂದು-ಎರಡು-ಮೂರು, ಐದು-ಆರು-ಏಳು. ಅದು ಕಾಲಿಗೆ ಹತ್ತಿದರೆ ಅರ್ಧ ಕೆಲಸ ಮುಗಿಯಿತು. ಏನೂ ತೋಚದಿದ್ದಾಗ ಅದನ್ನೇ ಹಾಕುತ್ತಾ ಇರಬಹುದು. ಟ್ಯಾಂಗೋದಲ್ಲಿ ಆ ಆಸರೆ ಇಲ್ಲ. ಮುಂದೆ, ಪಕ್ಕಕ್ಕೆ, ಹಿಂದೆ. ಇರುವುದು ಮೂರೇ ಹೆಜ್ಜೆ. ಜೊತೆಗೆ ನಿಂತಲ್ಲೇ ಭಾರ ಬದಲಿಸುವುದು, ನಿಂತಲ್ಲೇ ತಿರುಗುವುದು. ಒಚೊ, ಹಿರೊ, ಸಕಾದಾ ಅಂತ ಕ್ಲಾಸಿನಲ್ಲಿ ಕಲಿತದ್ದೆಲ್ಲ ಇವುಗಳ ಜೋಡಣೆಯೇ. ಒಂದು ಹೆಜ್ಜೆ ಮುಗಿದ ಮೇಲೆ ಮುಂದಿನದು ಯಾವುದೂ ಆಗಬಹುದು. ಇಬ್ಬರೂ ಅಲ್ಲಾಡದೆ ನಿಂತು, ಹಾಡಿನ ಒಂದು ಸಾಲು ಕಳೆದ ಮೇಲೆ ಹೊರಡಲೂಬಹುದು. ಯಾರೂ ಮೊದಲೇ ಮಾತಾಡಿಕೊಂಡಿರುವುದಿಲ್ಲ.

ಆರು ತಿಂಗಳಲ್ಲಿ ನಿಮಗೆ ಕಲಿಸಿರುವುದು ಎಂಟು ಹೆಜ್ಜೆಯ ಒಂದು ಕಟ್ಟು ಮತ್ತು ಅದಕ್ಕೆ ಅಂಟಿಸುವ ಚಮತ್ಕಾರಗಳು ಅಂತ ನನ್ನ ಅನುಮಾನ. ಬಹಳ ಕ್ಲಾಸುಗಳಲ್ಲಿ ಹೀಗೇ. ಹೊಸದೇನೋ ಕಲಿತೆವು ಅನ್ನುವ ಖುಷಿಯಲ್ಲಿ ಜನ ಮುಂದಿನ ವಾರವೂ ಬರುತ್ತಾರಲ್ಲ! ಆದರೆ ಮಿಲೊಂಗದಲ್ಲಿ ಮೂರನೇ ಹೆಜ್ಜೆಗೇ ಎದುರಿನ ಜೋಡಿ ಅಡ್ಡ ನಿಂತಿರುತ್ತದೆ. ಕಟ್ಟು ಅಲ್ಲಿಗೇ ಬಿಚ್ಚಿಹೋಗುತ್ತದೆ. ನಾನೂ ಮೊದಲ ಎರಡು ವರ್ಷ ಹೆಜ್ಜೆ ಕೂಡಿಹಾಕಿದವಳೇ. ಡೈರಿಯಲ್ಲಿ ಬರೆದುಕೊಂಡು, ನಂಬರ್ ಹಾಕಿ!

ಆ ಡೈರಿ ಮುಚ್ಚಿದ್ದು ಬ್ಯೂನಸ್ ಐರಿಸ್‌ನಲ್ಲಿ. ವಿಜ್ಯಾ ಉರ್ಕಿಸಾ ಅನ್ನುವ ಬಡಾವಣೆಯಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ ಇದೆ. ಅಲ್ಲಿ ಮಿಲೊಂಗ ನಡೆಯುವುದು ಬಾಸ್ಕೆಟ್‌ಬಾಲ್ ಅಂಗಣದಲ್ಲಿ. ಗೋಡೆಯ ಮೇಲೆ ಬುಟ್ಟಿ, ಕೆಳಗೆ ಮೇಜು, ಮೇಜಿನ ಮೇಲೆ ವೈನು. ಎಪ್ಪತ್ತು ದಾಟಿದ ಒಬ್ಬರು ನನ್ನನ್ನು ಕುಣಿಯಲು ಕರೆದರು. ಮೊದಲ ಹಾಡಿನಲ್ಲಿ ಅವರು ಬರೀ ನಡೆದರು. ನನ್ನ ಡೈರಿಯ ನಂಬರ್ ಒಂದೂ ಬರಲಿಲ್ಲ. ವಯಲಿನ್ ಎಳೆದಾಗ ಅವರ ಹೆಜ್ಜೆ ಉದ್ದವಾಗುತ್ತಿತ್ತು. ಪಿಯಾನೊ ಚಿಕ್ಕದಾಗಿ ಟಿಣ್ ಅಂದಾಗ ಅವರ ಎದೆ ಒಂದು ಕೂದಲೆಳೆಯಷ್ಟು ತಿರುಗುತ್ತಿತ್ತು. ನನ್ನ ಕಾಲು ತಾನಾಗಿಯೇ ಪಕ್ಕಕ್ಕೆ ಹೋಗುತ್ತಿತ್ತು. ಎರಡನೇ ಹಾಡಿನ ಹೊತ್ತಿಗೆ 'ಮುಂದೇನು?' ಅಂತ ಊಹಿಸುವುದನ್ನು ಬಿಟ್ಟಿದ್ದೆ. ನನ್ನ ತಲೆ ಅಷ್ಟು ಹೊತ್ತು ಸುಮ್ಮನಿದ್ದದ್ದು ನೆನಪೇ ಇರಲಿಲ್ಲ.

ನೀವು ಕೇಳಿದ 'ಏನಿದೆ ಇದರಲ್ಲಿ' ಅನ್ನುವುದಕ್ಕೆ ನನ್ನ ಉತ್ತರ ಅಲ್ಲೇ ಇದೆ. ಮುಂದೇನು ಅಂತ ಗೊತ್ತಿಲ್ಲದೆ, ಭಯವೂ ಇಲ್ಲದೆ, ಇನ್ನೊಬ್ಬರ ಜೊತೆ ಒಂದು ಹಾಡು ಕೇಳುವುದು. ಉಳಿದ ನಿಯಮ, ಶಿಸ್ತು, ಬೂಟು, ಕಣ್ಸನ್ನೆ ಎಲ್ಲವೂ ಇದಕ್ಕೆ ಜಾಗ ಮಾಡಿಕೊಡಲು ಇರುವಂಥದು.

ಫಾಲೋವರ್ ಅಂದರೆ ಹೇಳಿದ ಹಾಗೆ ಕೇಳುವವಳು ಅಂತ ನಮ್ಮಲ್ಲಿ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಲೀಡರ್ ಒಂದು ದಾರಿ ತೋರಿಸುತ್ತಾರೆ. ಆ ದಾರಿಯಲ್ಲಿ ಹೋಗುವವರು ನೀವು. ನಿಮ್ಮ ಹೆಜ್ಜೆ ಪೂರ್ತಿ ಆಗುವವರೆಗೆ ಅವರು ಕಾಯಬೇಕು. ನೀವು ನಿಧಾನಿಸಿದರೆ ಅವರೂ ನಿಧಾನಿಸಬೇಕು. ಒಳ್ಳೆಯ ಲೀಡರ್‌ಗಳು ಹೆಜ್ಜೆಗಿಂತ ಜಾಸ್ತಿ ಕಲಿಯುವುದು ಈ ಕಾಯುವುದನ್ನೇ. ಹಿಂದೆ ಬ್ಯೂನಸ್ ಐರಿಸ್‌ನಲ್ಲಿ ಹುಡುಗರು ಮಿಲೊಂಗಕ್ಕೆ ಕಾಲಿಡುವ ಮೊದಲು ಗಂಡಸರ ಜೊತೆಗೇ ಅಭ್ಯಾಸ ಮಾಡುತ್ತಿದ್ದರು. ಮೊದಲು ಫಾಲೋವರ್ ಪಾತ್ರ, ಆಮೇಲೆ ಲೀಡರ್ ಪಾತ್ರ. ವಲಸೆ ಬಂದವರಲ್ಲಿ ಗಂಡಸರೇ ಜಾಸ್ತಿ ಇದ್ದ ಊರು ಅದು. 1914ರ ಜನಗಣತಿಯ ಹೊತ್ತಿಗೆ ಊರಿನ ಹೆಚ್ಚುಕಡಿಮೆ ಅರ್ಧ ಜನ ಹೊರದೇಶದಲ್ಲಿ ಹುಟ್ಟಿದವರು. ಇಟಲಿಯವರು, ಸ್ಪೇನಿನವರು, ಪೂರ್ವ ಯುರೋಪಿನ ಯಹೂದಿಗಳು. ಅವರಿಗೂ ಮೊದಲಿನಿಂದ ಇದ್ದ ಆಫ್ರಿಕಾ ಮೂಲದವರು. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಅರ್ಥವಾಗದ ಊರಿನಲ್ಲಿ ಮಾತಿಲ್ಲದೆ ಒಟ್ಟಿಗೆ ನಡೆಯುವ ಕುಣಿತ ಹುಟ್ಟಿದ್ದು ನನಗೇನೂ ಆಶ್ಚರ್ಯ ತರುವುದಿಲ್ಲ. ಬರ್ಲಿನ್‌ಗೆ ಹೋದ ಮೊದಲ ವರ್ಷ ನಿಮಗೆ ಹೇಗನಿಸಿತ್ತು, ನೆನಪಿದೆಯಾ?

ಮುಜುಗರದ ಮಾತಿಗೆ ಬರುತ್ತೇನೆ. ಇದನ್ನು ಹಗುರವಾಗಿ ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟಿದೆ. 'ನಿಮ್ಮ ಸಂಸ್ಕೃತಿ ಹಾಗೆ, ಅದನ್ನು ಬಿಡಿ' ಅಂತ ನನಗೂ ಒಬ್ಬರು ಪಾಠ ಹೇಳಿದ್ದರು. ಬಿಡಬೇಕಾಗಿಲ್ಲ. ಟ್ಯಾಂಗೋ ಅಪ್ಪುಗೆಗೆ ಸ್ಪ್ಯಾನಿಷ್‌ನಲ್ಲಿ 'ಅಬ್ರಾಸೊ' ಅನ್ನುತ್ತಾರೆ. ಅದು ಒಂದೇ ಅಳತೆಯದಲ್ಲ. ಎದೆಗೆ ಎದೆ ತಾಗುವಷ್ಟು ಹತ್ತಿರ ಇರಬಹುದು, ನಡುವೆ ಒಂದು ಗೇಣು ಜಾಗ ಬಿಡಲೂಬಹುದು. ಎಷ್ಟು ಹತ್ತಿರ ಅಂತ ತೀರ್ಮಾನಿಸುವ ಹಕ್ಕು ಫಾಲೋವರ್‌ದು. ನಿಮ್ಮ ಎಡಗೈಯನ್ನು ಅವರ ತೋಳಿನ ಮೇಲ್ಭಾಗದಲ್ಲಿ ಇಟ್ಟರೆ ದೂರ ತಾನಾಗಿಯೇ ಉಳಿಯುತ್ತದೆ. ಅದನ್ನು ಬಲವಂತವಾಗಿ ಮುರಿಯುವವರು ಟ್ಯಾಂಗೋ ಗೊತ್ತಿಲ್ಲದವರು. ಅಂಥವರಿಗೆ ಹಾಡಿನ ಮಧ್ಯದಲ್ಲೇ 'ಗ್ರಾಸಿಯಾಸ್' ಅಂತ ಹೇಳಿ ಬಂದು ಕೂತುಬಿಡಿ. ಮಿಲೊಂಗದಲ್ಲಿ ಆ 'ಥ್ಯಾಂಕ್ಸ್'ಗೆ 'ಇಲ್ಲಿಗೆ ಸಾಕು' ಅಂತಲೇ ಅರ್ಥ. ಎರಡು ಹಾಡಿನ ನಡುವೆ ಸುಮ್ನೆ ಮರ್ಯಾದೆಗೆ ಅಂತ 'ಗ್ರಾಸಿಯಾಸ್' ಅಂದುಬಿಡಬೇಡಿ ಮತ್ತೆ! ಪಾಪ, ಎದುರಿನವರು ತಮ್ಮಿಂದ ಏನು ತಪ್ಪಾಯಿತೋ ಅಂತ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ.

ನಿಮ್ಮನ್ನು ಕಾಪಾಡುವ ಇನ್ನೊಂದು ಪದ್ಧತಿ ಇದೆ. ನೀವು ಫೋನ್ ನೋಡುತ್ತಾ ಅದನ್ನೇ ತಪ್ಪಿಸಿಕೊಳ್ಳುತ್ತಿದ್ದೀರಿ. ಹಳೆಯ ಪದ್ಧತಿಯ ಮಿಲೊಂಗಗಳಲ್ಲಿ ಯಾರೂ ಮೇಜಿನ ಹತ್ತಿರ ಬಂದು 'ಬರ್ತೀರಾ' ಅಂತ ಕೈ ಚಾಚುವುದಿಲ್ಲ. ದೂರದಿಂದಲೇ ನೋಡುತ್ತಾರೆ. ಅದಕ್ಕೆ 'ಮಿರಾದಾ' ಅನ್ನುತ್ತಾರೆ. ನಿಮಗೂ ಮನಸ್ಸಿದ್ದರೆ ನೀವೂ ನೋಡುತ್ತೀರಿ. ಅವರು ಸಣ್ಣದಾಗಿ ತಲೆ ಆಡಿಸುತ್ತಾರೆ, ಅದು 'ಕಬೆಸೇಯೊ'. ನೀವೂ ಆಡಿಸಿದರೆ ಮಾತು ಮುಗಿಯಿತು. ಮನಸ್ಸಿಲ್ಲದಿದ್ದರೆ ಬೇರೆ ಕಡೆ ನೋಡಿದರಾಯಿತು. ಯಾರೂ 'ಇಲ್ಲ' ಅನ್ನಬೇಕಾಗಿಲ್ಲ, ಯಾರಿಗೂ ಅವಮಾನವಿಲ್ಲ. ನಮ್ಮ 'ಕಣ್ಸನ್ನೆ' ಅನ್ನುವ ಪದ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗಮನಿಸಿ, ಇದರಲ್ಲಿ ಹೆಂಗಸರ ಪಾತ್ರ ಕಾಯುವುದಷ್ಟೇ ಅಲ್ಲ. ಯಾರ ಕಡೆ ನೋಡಬೇಕು ಅಂತ ಆರಿಸುವವರು ನೀವೂ ಹೌದು.

ಕಣ್ಸನ್ನೆ ಕಲಿಯಲು ನನಗೆ ಹೆಜ್ಜೆ ಕಲಿತಷ್ಟೇ ಕಾಲ ಹಿಡಿಯಿತು. ಒಂದು ರಾತ್ರಿ ಎದುರು ಗೋಡೆಯ ಹತ್ತಿರ ಕೂತವರೊಬ್ಬರು ತಲೆ ಆಡಿಸಿದರು. ನಾನು ಸಂಭ್ರಮದಿಂದ ಎದ್ದು ನೆಲದ ಮಧ್ಯದವರೆಗೂ ನಡೆದುಬಿಟ್ಟೆ. ಅವರು ನನ್ನನ್ನು ದಾಟಿ ನನ್ನ ಹಿಂದೆ ಕೂತಿದ್ದವರ ಹತ್ತಿರ ಹೋದರು! ಬಾತ್‌ರೂಮಿಗೆ ಹೊರಟವಳ ಹಾಗೆ ನಾನು ಮುಂದಕ್ಕೆ ನಡೆದೆ. ಬಾತ್‌ರೂಮ್ ಇದ್ದದ್ದು ಬೇರೆ ದಿಕ್ಕಿನಲ್ಲಿ. ಅವರು ನಿಮ್ಮ ಮುಂದೆ ಬಂದು ನಿಲ್ಲುವವರೆಗೆ ಏಳಬಾರದು ಅನ್ನುವ ನಿಯಮ ಯಾಕಿದೆ ಅಂತ ಅವತ್ತು ತಿಳಿಯಿತು. ಬರ್ಲಿನ್‌ನಲ್ಲಿ ಕೆಲವರು ಬಾಯಿಬಿಟ್ಟು ಕೇಳುವುದೂ ಉಂಟು. ಆದರೂ ಕಣ್ಣು ಎತ್ತಿ ಕೂತವರಿಗೂ ತಗ್ಗಿಸಿ ಕೂತವರಿಗೂ ಇಡೀ ರಾತ್ರಿಯ ಲೆಕ್ಕವೇ ಬೇರೆ.

ಇನ್ನು ತಾಂದಾ. ನಮ್ಮ ಲಂಬಾಣಿ ತಾಂಡಾ ಅಲ್ಲ, ತಾಂದಾ. ಒಂದೇ ಆರ್ಕೆಸ್ಟ್ರಾದ, ಹೆಚ್ಚುಕಡಿಮೆ ಒಂದೇ ಕಾಲದ, ಒಂದೇ ಸ್ವಭಾವದ ಹಾಡುಗಳ ಗೊಂಚಲು. ಟ್ಯಾಂಗೋ ಆದರೆ ಸಾಮಾನ್ಯವಾಗಿ ನಾಲ್ಕು. ವಾಲ್ಸ್ (ಮೂರರ ತಾಳದ ಟ್ಯಾಂಗೋ) ಅಥವಾ ಮಿಲೊಂಗ ಆದರೆ ಮೂರು. (ಮಿಲೊಂಗ ಅಂದರೆ ಕುಣಿಯುವ ಕೂಟವೂ ಹೌದು, ಚುರುಕಾದ ಒಂದು ಬಗೆಯ ಸಂಗೀತವೂ ಹೌದು. ಗೊಂದಲ ನನ್ನದಲ್ಲ.) ತಾಂದಾ ಮುಗಿದ ಮೇಲೆ ಕುಣಿಯಲು ಬಾರದ ಬೇರೆ ಯಾವುದೋ ಸಂಗೀತ ಅರ್ಧ ನಿಮಿಷ ಬರುತ್ತದೆ. ಅದು 'ಕೊರ್ತಿನಾ', ಅಂದರೆ ಪರದೆ. ಎಲ್ಲರೂ ತಮ್ಮ ಜಾಗಕ್ಕೆ ಮರಳುತ್ತಾರೆ, ನೆಲ ಖಾಲಿಯಾಗುತ್ತದೆ, ಕಣ್ಣುಗಳು ಮತ್ತೆ ಓಡಾಡಲು ಶುರು.

ಹೊರಗಿನವರಿಗೆ ಇದೆಲ್ಲ ಅತಿಯಾದ ಕಟ್ಟಳೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಯಾರ ಜೊತೆಗಾದರೂ ಹನ್ನೆರಡು ನಿಮಿಷ ಪೂರ್ತಿ ಮನಸ್ಸು ಕೊಡಬಹುದು, ಯಾಕೆಂದರೆ ಅದು ಹನ್ನೆರಡೇ ನಿಮಿಷ ಅಂತ ಇಬ್ಬರಿಗೂ ಗೊತ್ತು. ಪರದೆ ಬಿದ್ದಾಗ ಯಾರೂ ಯಾರಿಗೂ ಏನೂ ಬಾಕಿ ಇರುವುದಿಲ್ಲ. ಮೊದಲ ಹಾಡು ಒಬ್ಬರ ಉಸಿರು ಒಬ್ಬರಿಗೆ ಪರಿಚಯ ಆಗಲು. ಎರಡನೆಯದರಲ್ಲಿ ತಪ್ಪುಗಳು ಕಡಿಮೆ. ಮೂರನೆಯದು, ಅದೃಷ್ಟ ಇದ್ದರೆ, ಏನೋ ಆಗುತ್ತದೆ. ಹಾಡಿನ ನಡುವೆ ಜನ ನಿಂತು ಹವಾಮಾನದ ಬಗ್ಗೆ, ಊರಿನ ಬಗ್ಗೆ ಮಾತಾಡುತ್ತಾರೆ. ಮುಂದಿನ ಹಾಡು ಶುರುವಾಗಿ ಸ್ವಲ್ಪ ಹೊತ್ತಾದರೂ ಮಾತು ನಿಲ್ಲುವುದಿಲ್ಲ. ಹೊಸಬರು ಹಾಡು ಬಂದಕೂಡಲೇ ಓಡಲು ಶುರು ಮಾಡುತ್ತಾರೆ, ಬಸ್ ತಪ್ಪಿಹೋಗುತ್ತದೆ ಅನ್ನುವ ಹಾಗೆ.

ಹನ್ನೆರಡು ನಿಮಿಷದ ಲೆಕ್ಕ ಬಂದದ್ದು ಹಳೆಯ ರೆಕಾರ್ಡುಗಳಿಂದ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಇವತ್ತಿಗೂ ಮಿಲೊಂಗಗಳಲ್ಲಿ ಹಾಕುವ ಹಾಡುಗಳಲ್ಲಿ ಹೆಚ್ಚಿನವು 1935ರಿಂದ 1955ರ ನಡುವಿನವು. ಸಂಗೀತದ ಬಗ್ಗೆ ಮಾತ್ರ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ನನ್ನ ಪ್ರಕಾರ ಆರು ತಿಂಗಳಲ್ಲಿ ನಿಮಗೆ ಸಿಗದೇ ಇದ್ದದ್ದು ಹೆಜ್ಜೆಯಲ್ಲ, ಇದು.

ಟ್ಯಾಂಗೋ ಆರ್ಕೆಸ್ಟ್ರಾದಲ್ಲಿ ಡ್ರಮ್ ಇಲ್ಲ. ಬಾಂಡೋನಿಯಾನ್, ವಯಲಿನ್, ಪಿಯಾನೊ, ಡಬಲ್ ಬೇಸ್. ತಾಳವನ್ನು ಇವರೇ ಹಂಚಿಕೊಂಡು ನುಡಿಸುತ್ತಾರೆ. ಹಾಗಾಗಿ ಅದು ನಿಮ್ಮ ತಲೆಗೆ ಬಂದು ಬಡಿಯುವುದಿಲ್ಲ, ನೀವೇ ಹುಡುಕಬೇಕು. ಬಾಂಡೋನಿಯಾನ್ ನಮ್ಮ ಹಾರ್ಮೋನಿಯಂನ ದೂರದ ನೆಂಟ. ಎರಡರಲ್ಲೂ ಗಾಳಿಗೆ ನಡುಗುವ ಲೋಹದ ನಾಲಗೆಯೇ ಸ್ವರ ಹುಟ್ಟಿಸುವುದು. ಆದರೆ ಇದರ 71 ಗುಂಡಿಗಳಲ್ಲಿ ಹೆಚ್ಚಿನವು ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು ಸ್ವರ ಕೊಡುತ್ತವೆ. ನುಡಿಸುವವರ ಪಾಡು ಊಹಿಸಿಕೊಳ್ಳಿ! ನೀವಿರುವ ಜರ್ಮನಿಯಿಂದಲೇ ಅದು ಹೋದದ್ದು. ಕ್ರೆಫೆಲ್ಡ್ ಊರಿನ ಹೈನ್‌ರಿಶ್ ಬಾಂಡ್ ಅವರ ಹೆಸರಿನಿಂದ ಅದಕ್ಕೆ ಆ ಹೆಸರು. ಬ್ಯೂನಸ್ ಐರಿಸ್‌ನ ವಾದಕರು ಪೂಜೆ ಮಾಡುವಷ್ಟು ಪ್ರೀತಿಸುವ 'ಡಬಲ್ ಎ' ಬ್ರ್ಯಾಂಡಿನ ವಾದ್ಯಗಳು ಸ್ಯಾಕ್ಸನಿಯ ಕಾರ್ಲ್ಸ್‌ಫೆಲ್ಡ್‌ನಲ್ಲಿ ತಯಾರಾದವು.

ನಾಲ್ಕು ಆರ್ಕೆಸ್ಟ್ರಾ ನಾಯಕರ ಹೆಸರು ನೆನಪಿಟ್ಟುಕೊಳ್ಳಿ. ಮೊದಲು ಹುವಾನ್ ದಾರಿಯೆನ್ಸೊ. ಚುರುಕು, ಕಡಕ್ ತಾಳ. 1935ರ ಕೊನೆಗೆ ರೊಡೊಲ್ಫೊ ಬಿಯಾಜಿ ಪಿಯಾನೊ ನುಡಿಸಲು ಬಂದ ಮೇಲೆ ಆ ಆರ್ಕೆಸ್ಟ್ರಾ ಕೇಳಿ ಕೂತವರು ಎದ್ದು ಕುಣಿದರು. ದಾರಿಯೆನ್ಸೊ ಅವರನ್ನು 'ತಾಳದ ರಾಜ' ಅಂತಲೇ ಕರೆಯುತ್ತಿದ್ದರು. ಕಾರ್ಲೊಸ್ ದಿ ಸಾರ್ಲಿ ಇದಕ್ಕೆ ತದ್ವಿರುದ್ಧ. ನಿಧಾನ, ನೇರ, ದೊಡ್ಡ ಮನಸ್ಸಿನ ಸಂಗೀತ. ನಡಿಗೆ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಅನಿಬಾಲ್ ತ್ರೊಯಿಲೊ ಸ್ವತಃ ಬಾಂಡೋನಿಯಾನ್ ವಾದಕರು. ಅವರಲ್ಲಿ ಹಾಡುಗಾರನೂ ವಾದ್ಯಗಳೂ ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಕೊನೆಗೆ ಒಸ್ವಾಲ್ದೊ ಪುಗ್ಲಿಯೇಸೆ. ಕಮ್ಯುನಿಸ್ಟ್. ಅವರನ್ನು ಜೈಲಿಗೆ ಹಾಕಿದಾಗ ಪಿಯಾನೊ ಮೇಲೆ ಒಂದು ಕೆಂಪು ಕಾರ್ನೇಶನ್ ಹೂವಿಟ್ಟು ಉಳಿದವರು ನುಡಿಸುತ್ತಿದ್ದರು. ಅವರ ಸಂಗೀತ ಅಲೆಯ ಥರ ಎಳೆಯುತ್ತದೆ, ನಿಲ್ಲಿಸುತ್ತದೆ, ಮತ್ತೆ ಎಳೆಯುತ್ತದೆ. ಮೊದಲ ವರ್ಷ ಅದಕ್ಕೆ ಕುಣಿಯಬೇಡಿ, ಸುಮ್ನೆ ಕೇಳಿ. ಹಾಡುಗಾರ ಗಾರ್ದೆಲ್ ಮತ್ತು ಸಂಗೀತಕಾರ ಪಿಯಾತ್ಸೊಲಾ ಹೆಸರು ನಿಮ್ಮ ಯಜಮಾನರೂ ಕೇಳಿರಬಹುದು. ಇಬ್ಬರೂ ದೊಡ್ಡವರು. ಆದರೆ ಹಳೆಯ ಪದ್ಧತಿಯ ಮಿಲೊಂಗಗಳಲ್ಲಿ ಅವರ ಸಂಗೀತಕ್ಕೆ ಕುಣಿಯುವ ರೂಢಿ ಇಲ್ಲ. ಅದು ಕೂತು ಕೇಳುವ ಸಂಗೀತ.

ಪಾತ್ರೆ ತೊಳೆಯುವಾಗ, ರೈಲಿನಲ್ಲಿ ಹೋಗುವಾಗ ದಿ ಸಾರ್ಲಿ ಹಾಕಿಕೊಳ್ಳಿ. ಎರಡು ತಿಂಗಳಲ್ಲಿ ಯಾವ ಹಾಡಿನ ಸಾಲು ಎಲ್ಲಿ ಮುಗಿಯುತ್ತದೆ ಅಂತ ಮೈಗೆ ಗೊತ್ತಾಗುತ್ತದೆ. ಆಗ ಲೀಡರ್ ಯಾಕೆ ನಿಂತರು ಅಂತ ನೀವು ಯೋಚಿಸಬೇಕಾಗುವುದಿಲ್ಲ. ಸಾಲು ಮುಗಿಯಿತು, ಅದಕ್ಕೇ ನಿಂತರು.

ವಯಸ್ಸಿನ ಬಗ್ಗೆ ನೀವು ಕೇಳಿಲ್ಲ, ಆದರೆ 43 ಅಂತ ಮೊದಲ ಸಾಲಿನಲ್ಲೇ ಬರೆದಿದ್ದೀರಿ. ಬಹಳ ಕುಣಿತಗಳಲ್ಲಿ ನಲವತ್ತು ದಾಟಿದರೆ ಮೂಲೆಗೆ ಸರಿಯಬೇಕು. ಟ್ಯಾಂಗೋದಲ್ಲಿ ಹಾಗಿಲ್ಲದಿರುವುದಕ್ಕೆ ಒಂದು ಕಹಿ ಕಾರಣವೂ ಇದೆ. 1955ರಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಪೆರೋನ್ ಸರ್ಕಾರ ಬಿದ್ದ ಮೇಲೆ ಟ್ಯಾಂಗೋದ ಒಳ್ಳೆಯ ಕಾಲ ಮುಗಿಯುತ್ತಾ ಬಂತು. ಹುಡುಗರು ರಾಕ್ ಅಂಡ್ ರೋಲ್ ಕಡೆ ಹೋದರು. 1976ರಿಂದ 1983ರವರೆಗೆ ಮಿಲಿಟರಿ ಆಡಳಿತ. ರಾತ್ರಿ ಹೊತ್ತು ನಾಲ್ಕು ಜನ ಸೇರುವುದೇ ಅಪಾಯ ಅನ್ನುವ ದಿನಗಳು ಅವು. 1983ರಲ್ಲಿ ಪ್ಯಾರಿಸ್‌ನಲ್ಲಿ 'ಟ್ಯಾಂಗೋ ಅರ್ಜೆಂಟೀನೊ' ಅನ್ನುವ ಪ್ರದರ್ಶನ ಶುರುವಾಗಿ, 1985ರಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿತು. ಜಗತ್ತಿನಲ್ಲೆಲ್ಲ 'ನಮಗೂ ಕಲಿಸಿ' ಅನ್ನುವ ಕೂಗು ಎದ್ದಾಗ ಕಲಿಸಬಲ್ಲವರು ಅಂತ ಉಳಿದಿದ್ದವರು ವಯಸ್ಸಾದವರೇ. ನಡುವಿನ ಒಂದು ತಲೆಮಾರು ಕುಣಿದೇ ಇರಲಿಲ್ಲ. ಅಜ್ಜಂದಿರಿಂದ ಮೊಮ್ಮಕ್ಕಳು ನೇರವಾಗಿ ಕಲಿತರು. ಅದಕ್ಕೇ ಇವತ್ತಿಗೂ ಮಿಲೊಂಗದಲ್ಲಿ ಬಿಳಿಕೂದಲಿಗೆ ಬೆಲೆ ಇದೆ. (ವಿಚಿತ್ರ ಅಂದರೆ, ವೇದಿಕೆಯ ಟ್ಯಾಂಗೋ ಬಗ್ಗೆ ನಾನು ಇಷ್ಟು ಗೊಣಗಿದರೂ ನೆಲದ ಟ್ಯಾಂಗೋ ಮತ್ತೆ ಚಿಗುರಲು ಕಾರಣವಾದದ್ದು ಅದೇ.) 2009ರಲ್ಲಿ ಯುನೆಸ್ಕೊ ಅರ್ಜೆಂಟೀನಾ ಮತ್ತು ಉರುಗ್ವೆ ಎರಡರ ಹೆಸರಿನಲ್ಲೂ ಟ್ಯಾಂಗೋವನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೈಗೂ ಇದರಿಂದ ಒಳ್ಳೆಯದಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಟ್ಯಾಂಗೋ ಕಲಿಸಿ ನೋಡಿದರು. ಅವರ ಸಮತೋಲನ ಸುಧಾರಿಸಿದ್ದು ಕಂಡುಬಂತು. ಹಿಂದಕ್ಕೆ ನಡೆಯುವುದು, ನಿಲ್ಲುವುದು, ಮತ್ತೆ ಹೊರಡುವುದು, ಇವೇ ಅಲ್ವಾ ಅವರಿಗೆ ಕಷ್ಟವಾಗುವ ಕೆಲಸಗಳು? ಆದರೆ ಯಜಮಾನರಿಗೆ ಉತ್ತರ ಕೊಡಬೇಕು ಅಂತ ಇದನ್ನು ಕಷಾಯದ ಥರ ಕುಡಿಯಬೇಡಿ.

ಹೊಗಳಿಕೆ ಸಾಕು, ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಬಹಳ ಊರುಗಳಲ್ಲಿ ಫಾಲೋವರ್‌ಗಳು ಜಾಸ್ತಿ, ಲೀಡರ್‌ಗಳು ಕಡಿಮೆ. ಚೆನ್ನಾಗಿ ಕುಣಿಯುವವರೂ ಕೂತು ಕಾಯುತ್ತಾರೆ. ನಾನು ಈಗಲೂ ಕೆಲವು ರಾತ್ರಿ ಎರಡೇ ತಾಂದಾ ಕುಣಿದು ಮನೆಗೆ ಬರುತ್ತೇನೆ. 'ನಾವು ಹಳಬರು' ಅನ್ನುವ ಜಂಬದ ಗುಂಪುಗಳೂ ಇರುತ್ತವೆ. ಹೊಸಬರನ್ನು ಕಣ್ಣೆತ್ತಿಯೂ ನೋಡದವರು. ನನ್ನ ಮೊದಲ ಊರಿನಲ್ಲಿ ಒಂದು ಮಿಲೊಂಗದಲ್ಲಿ ಎಂಟು ವಾರ ಹೋದರೂ ಒಬ್ಬರೂ ಕರೆಯಲಿಲ್ಲ. ಒಂಬತ್ತನೇ ವಾರ ನಾನು ಬೇರೆ ಕಡೆ ಹೋದೆ. ನೀವೂ ಹೋಗಿ. ಬರ್ಲಿನ್‌ನಂಥ ಊರಿನಲ್ಲಿ ಮಿಲೊಂಗಗಳಿಗೆ ಬರಗಾಲವಿಲ್ಲ.

ಮುಂದುವರಿಸಲಾ ಅಂತ ಕೇಳಿದ್ದೀರಿ. ಮುಂದುವರಿಸಿ, ಆದರೆ ಈಗಿನ ದಾರಿಯಲ್ಲಲ್ಲ. ಹೊಸ ಹೆಜ್ಜೆಗಳ ಕ್ಲಾಸನ್ನು ನಾಲ್ಕು ತಿಂಗಳು ಬಿಟ್ಟುಬಿಡಿ. ಅದರ ಬದಲು ಪ್ರಾಕ್ತಿಕಾಗೆ, ಅಂದರೆ ಅಭ್ಯಾಸದ ಕೂಟಕ್ಕೆ, ಹೋಗಿ. ಅಲ್ಲಿ ಕಣ್ಸನ್ನೆಯ ಗೋಜಿಲ್ಲ. ಮಧ್ಯದಲ್ಲಿ ನಿಲ್ಲಿಸಿ 'ಇನ್ನೊಂದು ಸಲ ನೋಡೋಣ' ಅನ್ನಬಹುದು. ಬರೀ ನಡೆಯಿರಿ. ಮನೆಯಲ್ಲಿ ಕಾರಿಡಾರ್ ಇದ್ದರೆ ಸಾಕ್ಸ್ ಹಾಕಿಕೊಂಡು ಹಿಂದಕ್ಕೆ ಹತ್ತು ಹೆಜ್ಜೆ, ಪ್ರತಿ ಹೆಜ್ಜೆಗೂ ಎರಡು ಪಾದ ಪೂರ್ತಿ ಸೇರಿಸಿ. ನೀವು ಚಿಕ್ಕವರಿದ್ದಾಗ ಸಂಗೀತ ಪಾಠಕ್ಕೆ ಹೋಗಿದ್ದರೆ ಸರಳೆ ವರಸೆ ಎಷ್ಟು ದಿನ ಹೇಳಿಸಿದ್ದರು ಅಂತ ನೆನಪಿರುತ್ತದೆ. ಇದೂ ಹಾಗೆಯೇ.

ಲೀಡ್ ಮಾಡುವುದನ್ನೂ ಕಲಿಯಿರಿ. ಈ ಮಾತನ್ನು ಒತ್ತಿ ಹೇಳುತ್ತೇನೆ. ಜರ್ಮನಿಯಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಕ್ವಿಯರ್ ಟ್ಯಾಂಗೋ ಚಳವಳಿ 2000ರ ದಶಕದ ಆರಂಭದಲ್ಲಿ ಹ್ಯಾಂಬರ್ಗ್‌ನಲ್ಲೇ ಗಟ್ಟಿಯಾದದ್ದು. ಯಾವ ಪಾತ್ರ ಯಾರದ್ದು ಅನ್ನುವುದನ್ನು ಅವರು ಸಡಿಲ ಮಾಡಿದ್ದರ ಲಾಭ ನಮ್ಮೆಲ್ಲರಿಗೂ ಸಿಕ್ಕಿದೆ. ಲೀಡ್ ಮಾಡಲು ಶುರು ಮಾಡಿದ ಮೂರನೇ ವಾರ ನನಗೆ ಹೊಳೆದ ಸಂಗತಿ: ಐದು ವರ್ಷದಿಂದ ನಾನು ಸಂಜ್ಞೆ ಬರುವ ಮೊದಲೇ ಓಡುತ್ತಿದ್ದೆ. ಎದುರಿನವರಿಗೆ ಅದು ಎಷ್ಟು ಕಷ್ಟ ಅಂತ ಅವರ ಜಾಗದಲ್ಲಿ ನಿಂತಾಗಲೇ ತಿಳಿದದ್ದು.

ಯಜಮಾನರನ್ನು ಕ್ಲಾಸಿಗೆ ಎಳೆದುಕೊಂಡು ಹೋಗಬೇಡಿ. ಅವರಾಗಿಯೇ ಬಂದರೆ ಸಂತೋಷ. ಬಂದರೂ ಕ್ಲಾಸಿನಲ್ಲಿ ಜೋಡಿ ಬದಲಿಸುತ್ತಾ ಇರಿ. ಗಂಡ ಹೆಂಡತಿ ಒಂದೇ ಜೋಡಿಯಾಗಿ ಕಲಿತರೆ ಮೂರನೇ ವಾರಕ್ಕೆ ಜಗಳ ಗ್ಯಾರಂಟಿ. ತಪ್ಪು ಯಾರದ್ದು ಅನ್ನುವ ಪಂಚಾಯಿತಿ ಕಾರಿನವರೆಗೂ ಬರುತ್ತದೆ. ಒಂದು ಸಲ ಮಾತ್ರ ಮಿಲೊಂಗಕ್ಕೆ ಕರೆದುಕೊಂಡು ಹೋಗಿ ಕೂರಿಸಿ. ರಾತ್ರಿಯ ಕೊನೆಯವರೆಗೂ ಇರಿ. ಕೊನೆಯ ಹಾಡು ಸಾಮಾನ್ಯವಾಗಿ 'ಲಾ ಕುಂಪರ್ಸಿತಾ'. ಉರುಗ್ವೆಯ ಮಾಂಟೆವಿಡಿಯೊದ ಒಬ್ಬ ವಿದ್ಯಾರ್ಥಿ ಕಟ್ಟಿದ ಹಾಡು. ಅದು ಬಂದಾಗ ದಣಿದವರೂ ಎದ್ದು, ತಮಗೆ ತುಂಬಾ ಬೇಕಾದವರನ್ನು ಹುಡುಕಿಕೊಂಡು ಹೋಗುತ್ತಾರೆ. ಆಗ ಯಜಮಾನರು ನಿಮ್ಮ ಕಡೆ ನೋಡುತ್ತಾರೋ ಇಲ್ಲವೋ, ನೋಡಿ.

ಈ ವಾರ ಹೋದಾಗ ಫೋನನ್ನು ಚೀಲದೊಳಗೆ ಹಾಕಿ, ಚೀಲವನ್ನು ಕುರ್ಚಿ ಕೆಳಗೆ ತಳ್ಳಿ. ಕಂಬದ ಹಿಂದೆ ಕೂರಬೇಡಿ. ನಿಮಗೆ ಎಲ್ಲರೂ ಕಾಣುವ, ಎಲ್ಲರಿಗೂ ನೀವು ಕಾಣುವ ಜಾಗ ಹಿಡಿಯಿರಿ.

ಸೀರೆ ಬಗ್ಗೆ: ಒಂದೇ ಒಂದು ಸಲ ಪ್ರಯತ್ನ ಮಾಡಿದ್ದೇನೆ, ಗೆಳತಿಯ ಹುಟ್ಟುಹಬ್ಬಕ್ಕೆ, ಮೈಸೂರು ಸಿಲ್ಕ್‌ನಲ್ಲಿ. ಫಾಲೋವರ್ ಹೆಚ್ಚು ಹೊತ್ತು ಹಿಂದಕ್ಕೇ ನಡೆಯುವವಳು. ಕಾಲು ಸೊಂಟದಿಂದ ಹಿಂದಕ್ಕೆ ಉದ್ದ ಹೋಗಬೇಕು, ಸೀರೆ ಮೊಣಕಾಲಿನ ಹತ್ತಿರವೇ ಹಿಡಿದು ನಿಲ್ಲಿಸುತ್ತದೆ. ಎರಡನೇ ಹಾಡಿಗೆ ಅಂಚು ಹಿಮ್ಮಡಿಗೆ ಸಿಕ್ಕಿತು, ಮೂರನೆಯದಕ್ಕೆ ನೆರಿಗೆ ಕೈಗೆ ಬಂತು. ಉಡಲೇಬೇಕು ಅಂದರೆ ಅಗಲದ ಲಂಗ ಹಾಕಿ, ಕಣಕಾಲಿನಿಂದ ನಾಲ್ಕು ಬೆರಳು ಮೇಲಕ್ಕೆ ಉಟ್ಟು, ಸೆರಗಿಗೆ ಎರಡು ಪಿನ್ ಹಾಕಿ. ವಾಲ್ಸ್ ತಾಂದಾಕ್ಕೆ ಮಾತ್ರ ಏಳಬೇಡಿ.